ಆಪರೇಷನ್‌ಗೆ ಮುಂಚೆ ಮಂಡಿಯ ಲೆಕ್ಕ ಬರೆದಿಡಿ

ಮಾನ್ಯ ಸಂಪಾದಕರೇ,

ಕಳೆದ ವರ್ಷ ನನ್ನ ಬಲ ಮಂಡಿ ಬದಲಾಯಿಸಿದರು. 31 ವರ್ಷ ಸಿಟಿ ಬಸ್ಸಿನಲ್ಲಿ ನಿಂತೇ ಟಿಕೆಟ್ ಹರಿದವನು ನಾನು. ಆರು ತಿಂಗಳ ಮೇಲೆ ತೋರಿಸಲು ಹೋದಾಗ ಡಾಕ್ಟರು ಎಕ್ಸ್‌ರೇ ನೋಡಿದರು, ಕಾಲು ಮಡಚಿಸಿದರು. ‘110 ಡಿಗ್ರಿ ಬಗ್ಗುತ್ತೆ, ಫಸ್ಟ್ ಕ್ಲಾಸ್’ ಎಂದರು. ಮೂರೇ ನಿಮಿಷ. ಪಾಪ, ಹೊರಗೆ ಇನ್ನೂ ನಲವತ್ತು ಜನ ಕಾದಿದ್ದರು.

ನೋವು ಕಡಿಮೆಯಾಗಿದೆ, ಸುಳ್ಳು ಹೇಳಬಾರದು. ಗಾಂಧಿ ಬಜಾರಿಗೆ ನಡೆದೇ ಹೋಗಿ ತರಕಾರಿ ತರುತ್ತೇನೆ. ಆದರೆ ಮೆಟ್ಟಿಲು ಇಳಿಯುವಾಗ ಆ ಕಾಲನ್ನು ನಂಬಲು ಧೈರ್ಯ ಸಾಲದು. ರಾತ್ರಿ ಮಗ್ಗುಲು ಬದಲಿಸಿದರೆ ಎಚ್ಚರವಾಗುತ್ತದೆ. ಪಂಕ್ತಿಯಲ್ಲಿ ನೆಲಕ್ಕೆ ಕೂತು ಉಂಡು ಎರಡು ವರ್ಷವಾಯ್ತು. ಇದ್ಯಾವುದೂ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಅಲ್ವಾ?

ಮಗಳು ‘ಆಕ್ಸ್‌ಫರ್ಡ್ ನೀ ಸ್ಕೋರ್’ (ನೀ ಅಂದರೆ ಇಂಗ್ಲಿಷಿನಲ್ಲಿ ಮಂಡಿ) ಎಂಬ, ಮಂಡಿಗೆ ಅಂಕ ಹಾಕುವ ಫಾರಂ ಹುಡುಕಿ ತಂದಳು. ಕಳೆದ ನಾಲ್ಕು ವಾರದ ಬಗ್ಗೆ 12 ಪ್ರಶ್ನೆ. ನೋವು ಎಷ್ಟಿತ್ತು, ಕುಂಟಿದಿರಾ, ಊಟ ಮುಗಿಸಿ ಕುರ್ಚಿಯಿಂದ ಏಳಲು ಎಷ್ಟು ಕಷ್ಟ, ಸಾಮಾನು ತರಲು ಒಬ್ಬರೇ ಹೋಗುತ್ತೀರಾ. ಒಂದೊಂದಕ್ಕೂ 4 ಅಂಕ, ಒಟ್ಟು 48. ಜಾಸ್ತಿ ಬಂದಷ್ಟೂ ಒಳ್ಳೆಯದು. ನನಗೆ 35 ಬಂತು. ಮಂಡಿಯೂರಿ ಏಳುವ ಪ್ರಶ್ನೆಗೆ ಸೊನ್ನೆ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಮಂಡಿ, ಸೊಂಟದ ಕೀಲು ಬದಲಿಸಿಕೊಳ್ಳುವವರಿಗೆ 2009ರಿಂದಲೂ ಇಂಥ ಫಾರಂ ಎರಡು ಸಲ ಕೊಡುತ್ತಾರೆ. ಆಪರೇಷನ್‌ಗೆ ಮುಂಚೆ ಒಮ್ಮೆ, ಆರು ತಿಂಗಳ ಮೇಲೆ ಇನ್ನೊಮ್ಮೆ.

ಮೊದಲನೆಯದೇ ಮುಖ್ಯ. ನಮ್ಮ ಕಾಲದಲ್ಲಿ ಟ್ರಿಪ್ ಹೊರಡುವ ಮುಂಚೆ ಟಿಕೆಟ್ ಕಟ್ಟಿನ ಮೊದಲ ನಂಬರ್ ವೇಬಿಲ್ ಎಂಬ ಲೆಕ್ಕದ ಹಾಳೆಯಲ್ಲಿ ಬರೆಯಬೇಕಿತ್ತು. ಅದನ್ನು ಬರೆಯದೆ ಬರೀ ಕೊನೆಯ ನಂಬರ್ ಹಿಡಿದು ಡಿಪೋದಲ್ಲಿ ಏನು ಲೆಕ್ಕ ಕೊಡುತ್ತೀರಿ? ನನ್ನ 35ರ ಕತೆಯೂ ಅದೇ. ಮುಂಚೆ ಎಷ್ಟಿತ್ತು ಅಂತ ಯಾರೂ ಕೇಳಿರಲಿಲ್ಲ. ಈಗ ನೆನಪಿಸಿಕೊಂಡು ನಾನು 15 ಅನ್ನುತ್ತೇನೆ. ನನ್ನಾಕೆ, ‘ಅಷ್ಟೆಲ್ಲಿತ್ತು, ಬಚ್ಚಲಿಗೆ ನಾನೇ ಕೈ ಹಿಡಿದು ಕರ್ಕೊಂಡು ಹೋಗ್ತಿದ್ದೆ’ ಅನ್ನುತ್ತಾಳೆ.

ಬೆಂಗಳೂರಿನ ಆಸ್ಪತ್ರೆಗಳು, ಸರ್ಕಾರಿಯಾಗಲಿ ಖಾಸಗಿಯಾಗಲಿ, ಈ ಫಾರಂ ಅನ್ನು ಕನ್ನಡದಲ್ಲಿ ಎರಡೂ ಸಲ ಕೊಡಲಿ. ಓದಲು ಬಾರದವರಿಗೆ ಯಾರಾದರೂ ಓದಿ ಹೇಳಲಿ. ಪಕ್ಕದಲ್ಲಿ ಕೂತ ಮಗನೋ ಸೊಸೆಯೋ ಉತ್ತರ ಹೇಳಿಕೊಡುವುದು ಮಾತ್ರ ಬೇಡ. ಇನ್ನೊಂದು ಮಾತು. ಆ ಹನ್ನೆರಡರಲ್ಲಿ ಚಕ್ಕಳಮಕ್ಕಳ ಹಾಕಿ ಕೂರುವುದಿಲ್ಲ, ಇಂಡಿಯನ್ ಟಾಯ್ಲೆಟ್ ಇಲ್ಲ. ಅವನ್ನು ಅಂಕಕ್ಕೆ ಸೇರಿಸಿದರೆ ಲೆಕ್ಕ ಕೆಡುತ್ತದೆ, ಪಕ್ಕದಲ್ಲಿ ಬೇರೆ ಬರೆದುಕೊಳ್ಳಲಿ. ನೆಲಕ್ಕೆ ಕೂರುವ ಆಸೆ ಇಟ್ಟುಕೊಂಡೇ ಆಪರೇಷನ್‌ಗೆ ಬಂದವರು ಮುಂಚೆಯೇ ಬಾಯಿ ಬಿಟ್ಟು ಹೇಳಿದಂತಾಗುತ್ತದೆ. ನಾನು ಹೇಳಿರಲಿಲ್ಲ.

ಎಡ ಮಂಡಿಯ ಸರದಿ ದೀಪಾವಳಿ ಕಳೆದ ಮೇಲೆ. ಮೊನ್ನೆ ಭಾನುವಾರ ನಾನೇ ಫಾರಂ ತುಂಬಿ ಫೈಲಿನಲ್ಲಿಟ್ಟೆ: 48ಕ್ಕೆ 17.

– ನಿವೃತ್ತ ಬಸ್ ಕಂಡಕ್ಟರ್, ಶ್ರೀನಗರ, ಬೆಂಗಳೂರು