ಡಿಸೆಂಬರ್ ಶಿಬಿರಕ್ಕೆ ಕೈಜೋಡಿಸಿ: ಬೀಜಗಣಿತೀಯ ಜ್ಯಾಮಿತಿಯ ಯುವ ಸಂಶೋಧಕರಿಗಾಗಿ ಮನವಿ

ಮಾನ್ಯರೆ,

ಬೆಂಗಳೂರಿನಲ್ಲಿರುವ ನಮ್ಮ ಗಣಿತ ಟ್ರಸ್ಟಿನ ಚರ್ಚಾ ಕೊಠಡಿ ಈ ಮಳೆಗಾಲದಲ್ಲಿ ಸೋರಿದೆ. ನೀವೆಲ್ಲ ನೋಡಿರುವ ಉದ್ದನೆಯ ಕರಿಹಲಗೆಗಳಲ್ಲಿ ಎರಡು ಉಬ್ಬಿಹೋಗಿ, ಸೀಮೆಸುಣ್ಣ ಹಿಡಿಯುತ್ತಿಲ್ಲ. ಯುವ ಸಂಶೋಧಕರು ಗುಂಪಾಗಿ ಕೂತು ಕೆಲಸ ಮಾಡುವ ನಮ್ಮ ಶಿಬಿರವಿರುವುದು ಡಿಸೆಂಬರ್ ಎರಡನೇ ವಾರ. ರೈಲು ಬುಕಿಂಗ್ 60 ದಿನ ಮೊದಲೇ ತೆರೆಯುವುದರಿಂದ ಅಕ್ಟೋಬರ್ ಮೊದಲ ವಾರದೊಳಗೆ ಹಣ ಖಚಿತವಾಗಬೇಕು.

ಸಮೀಕರಣಗಳು ರೂಪಿಸುವ ಆಕೃತಿಗಳನ್ನು ಅಭ್ಯಸಿಸುವ ಬೀಜಗಣಿತೀಯ ಜ್ಯಾಮಿತಿಯಲ್ಲಿ ನಮ್ಮವರ ಸಾಧನೆ ನಿಮಗೆ ಹೊಸದಲ್ಲ. ಎಂ.ಎಸ್. ನರಸಿಂಹನ್ ಮತ್ತು ಸಿ.ಎಸ್. ಶೇಷಾದ್ರಿ ಚೆನ್ನೈನ ಲಯೋಲಾ ಕಾಲೇಜಿನಲ್ಲಿ ಓದಿ, 1953ರಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದವರು. ಸ್ಥಿರ ವೆಕ್ಟರ್ ಬಂಡಲ್‌ಗಳನ್ನೂ (ವಕ್ರರೇಖೆಯ ಪ್ರತಿ ಬಿಂದುವಿಗೂ ಒಂದೊಂದು ವೆಕ್ಟರ್ ಅವಕಾಶ ಅಂಟಿಸಿದ ರಚನೆಗಳು) ಯೂನಿಟರಿ ನಿರೂಪಣೆಗಳನ್ನೂ (ವಕ್ರರೇಖೆಯ ಮೇಲಿನ ಕುಣಿಕೆಗಳಿಗೆ ಉದ್ದ ಬದಲಿಸದ ಮ್ಯಾಟ್ರಿಕ್ಸ್‌ಗಳನ್ನು ಹೊಂದಿಸುವುದು) ಬೆಸೆದ ಅವರ ಪ್ರಮೇಯ ಪ್ರಕಟವಾದದ್ದು 1965ರಲ್ಲಿ. 1969ರಲ್ಲಿ ನರಸಿಂಹನ್ ಮತ್ತು ಅದೇ ಸಂಸ್ಥೆಯ ಎಸ್. ರಾಮನನ್ ಜೀನಸ್ 2ರ (ಎರಡು ತೂತುಗಳ ಮೇಲ್ಮೈಯಂತಿರುವ) ವಕ್ರರೇಖೆಯ ಮೇಲಿನ ಬಂಡಲ್‌ಗಳನ್ನು ಕೈಗೆ ಸಿಗುವಷ್ಟು ಸ್ಪಷ್ಟವಾಗಿ ವಿವರಿಸಿದರು. ಒಬ್ಬರೇ ಕುಳಿತು ಮಾಡಿದ ಕೆಲಸವಲ್ಲ ಇದು. ನರಸಿಂಹನ್ ಅವರ ಕೊನೆಯ ವರ್ಷಗಳು ನಮ್ಮ ಬೆಂಗಳೂರಿನಲ್ಲೇ ಕಳೆದವೆಂಬುದು ನಮಗೆ ಹೆಮ್ಮೆ.

ಇಂದು ಪಿಎಚ್‌ಡಿ ಮುಗಿಸಿದವರಿಗೆ ಆ ಒಡನಾಟವೇ ದುರ್ಲಭ. ಕೈಯಲ್ಲಿರುವುದು ಎರಡು ಮೂರು ವರ್ಷದ ಹುದ್ದೆ. ಇಡೀ ವಿಭಾಗದಲ್ಲಿ ಈ ವಿಷಯದವರು ಅವರೊಬ್ಬರೇ. ಒಂದು ಲೆಮ್ಮಾ (ಪ್ರಮೇಯಕ್ಕೆ ಮೆಟ್ಟಿಲಾಗುವ ಚಿಕ್ಕ ಫಲಿತಾಂಶ) ಸಿಕ್ಕಿಕೊಂಡರೆ ಕೇಳುವವರಿಲ್ಲ.

ಶಿಬಿರಕ್ಕೆ 24 ಜನ, ಆರಾರು ಮಂದಿಯ ನಾಲ್ಕು ಗುಂಪು. ಆರು ದಾಟಿದರೆ ಇಬ್ಬರು ಬಾಯಿ ತೆರೆಯುವುದೇ ಇಲ್ಲ. ಉಪನ್ಯಾಸ ಬೆಳಿಗ್ಗೆ ಒಂದೇ. ದಿನವಿಡೀ ಭಾಷಣವಿಟ್ಟರೆ ಎಲ್ಲರೂ ಟಿಪ್ಪಣಿ ಬರೆದುಕೊಂಡು ಊರಿಗೆ ಹೋಗುತ್ತಾರೆ, ಅಷ್ಟೇ. ಆರು ವಾರ ಮೊದಲೇ ಓದುವ ಪಟ್ಟಿ ಕಳಿಸುತ್ತೇವೆ. ಪ್ರತಿ ಪ್ರಶ್ನೆಗೂ ಕೈಯಲ್ಲೇ ಲೆಕ್ಕ ಹಾಕಬಹುದಾದ ಒಂದು ಉದಾಹರಣೆ ಇರಲೇಬೇಕು; ಜೀನಸ್ 2 ಅದಕ್ಕೆ ಹೇಳಿ ಮಾಡಿಸಿದಂತಿದೆ. ಮೊದಲ ಸಂಜೆ ಸಂಕೇತಗಳನ್ನು ಒಂದು ಪುಟದಲ್ಲಿ ಬರೆದು ಗೋಡೆಗೆ ಅಂಟಿಸುತ್ತೇವೆ. ಪ್ರೊಜೆಕ್ಟಿವ್ ಬಂಡಲ್ ಎಂದರೆ ಕೆಲವರಿಗೆ ಬಂಡಲ್‌ನೊಳಗಿನ ರೇಖೆಗಳು, ಗಣಿತಜ್ಞ ಗ್ರೋಥೆಂಡೀಕ್ ಅವರ ಪದ್ಧತಿಯವರಿಗೆ ಅದರ ಒಂದು ಆಯಾಮದ ಕೋಶೆಂಟ್‌ಗಳು (ಭಾಗಲಬ್ಧಗಳು). ಇದನ್ನು ಮೊದಲೇ ಇತ್ಯರ್ಥ ಮಾಡದಿದ್ದರೆ ಬಂಡಲ್ ಎಷ್ಟು ತಿರುಚಿದೆ ಎಂದು ಅಳೆಯುವ ಚರ್ನ್ ಕ್ಲಾಸಿನ ಚಿಹ್ನೆ ತಿರುಗಿ, ಮೂರನೇ ದಿನ ತಪ್ಪು ಹುಡುಕುವುದರಲ್ಲೇ ಮುಗಿಯುತ್ತದೆ.

ನಿಜವಾದ ಸೋಲು ಆಗುವುದು ಶಿಬಿರ ಮುಗಿದ ಮೇಲೆ. ಅರ್ಧ ಬರೆದ ಪ್ರಬಂಧ ನಾಲ್ಕು ಊರುಗಳಲ್ಲಿ ಹಂಚಿಹೋಗುತ್ತದೆ. ವಾರಕ್ಕೊಂದು ವಿಡಿಯೊ ಕರೆ ಎರಡು ತಿಂಗಳು ನಡೆದು ನಿಲ್ಲುತ್ತದೆ. ಆರು ತಿಂಗಳ ಬಳಿಕ ಪ್ರತಿ ಗುಂಪನ್ನೂ ಐದು ದಿನ ಮತ್ತೆ ಕೂಡಿಸಬೇಕು. ಇದಕ್ಕೆ ಈವರೆಗೆ ನಮ್ಮಲ್ಲಿ ಹಣವೇ ಇರಲಿಲ್ಲ. ಈ ಸಲ ಇದನ್ನು ಬಿಡಲಾರೆವು.

ಚಾವಣಿ ಮತ್ತು ಹಲಗೆಗೆ ಸುಮಾರು ₹3 ಲಕ್ಷ, ಶಿಬಿರದ ಪ್ರಯಾಣ, ಊಟ, ವಸತಿಗೆ ₹5 ಲಕ್ಷ, ಮರುಭೇಟಿಗೆ ₹4 ಲಕ್ಷದ ಆಸುಪಾಸು. ₹20,000 ಕೊಟ್ಟರೆ ಒಬ್ಬ ಸಂಶೋಧಕರ ಶಿಬಿರದ ಖರ್ಚು ನಿಮ್ಮದಾಗುತ್ತದೆ. ನಗದು ₹2,000 ಮೀರಿದರೆ ದೇಣಿಗೆಗೆ ತೆರಿಗೆ ರಿಯಾಯಿತಿ ಸಿಗದು. ದಯವಿಟ್ಟು ಚೆಕ್ ಅಥವಾ ಯುಪಿಐ ಮೂಲಕವೇ ಕಳುಹಿಸಿ.

ಇಂತಿ,
ಟ್ರಸ್ಟಿಗಳು