ನಿನ್ನ ಕಿರುಚಿತ್ರಕ್ಕೆ ನಾನು ಒಪ್ಪಿದ್ದೇನೆ

ಚಿರಂಜೀವಿ ಮಗಳಿಗೆ ಆಯಿಯ ಆಶೀರ್ವಾದಗಳು.

ಸ್ಕ್ರಿಪ್ಟ್ ಓದಿದೆ. ತಾಯಿಯ ಪಾತ್ರ ನಾನೇ ಮಾಡುತ್ತೇನೆ. ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಒಪ್ಪಿಗೆಯ ಬೆನ್ನಿಗೆ ಹೇಳುವುದು ಬಹಳ ಇದೆ, ನಿನಗೆ ಫೋನಿನಲ್ಲಿ ಅಷ್ಟು ಹೊತ್ತು ಸಿಗುವುದಿಲ್ಲ. ನಾಲ್ಕು ಸಲ ತಿರುಗಿಸಿ ಓದುವ ಹಾಗೆ ಬರೆದೇ ಬಿಡೋಣ ಅನ್ನಿಸಿತು.

ಕ್ಯಾಮೆರಾ ಮುಂದೆ ಎಂದೂ ನಿಲ್ಲದವರು ಅಭಿನಯಿಸಿದ ಸಿನಿಮಾ ನೋಡು, ಆಗ ಧೈರ್ಯ ಬರುತ್ತದೆ ಅಂದಿದ್ದೆಯಲ್ಲ. ಒಂದೊಂದಾಗಿ ನೋಡಿದೆ. ಅಪ್ಪಯ್ಯನೂ ಜೊತೆಗೆ ಕೂತಿದ್ದರು. ಧೈರ್ಯ ಬಂತೋ ಇಲ್ಲವೋ ಗೊತ್ತಿಲ್ಲ, ಯೋಚನೆ ಮಾತ್ರ ಹತ್ತಿಕೊಂಡಿತು.

ಮೊದಲು ‘ತಿಥಿ’. ಮಂಡ್ಯ ಕಡೆಯ ನೊದೆಕೊಪ್ಪಲು ಎಂಬ ಊರಿನಲ್ಲಿ, ಅಲ್ಲಿನ ಜನರನ್ನೇ ಇಟ್ಟುಕೊಂಡು ರಾಮ್ ರೆಡ್ಡಿ ಮಾಡಿದ ಸಿನಿಮಾ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು ಆಮೇಲೆ ನಮ್ಮ ಥಿಯೇಟರುಗಳಿಗೆ ಬಂತು. ಶುರುವಿನಲ್ಲೇ ನೂರು ದಾಟಿದ ಸೆಂಚುರಿ ಗೌಡ ದಾರಿ ಬದಿ ಕೂತು ಹೋಗಿ ಬರುವವರನ್ನೆಲ್ಲ ಬಾಯಿಗೆ ಬಂದಂತೆ ಮಾತಾಡಿಸುತ್ತಾನೆ. ಆಮೇಲೆ ಎದ್ದು ನಾಲ್ಕು ಹೆಜ್ಜೆ ಹೋದವನು ಬಿದ್ದು ಸಾಯುತ್ತಾನೆ. ಅಲ್ಲಿಂದ ಹನ್ನೊಂದನೇ ದಿನದ ತಿಥಿವರೆಗಿನ ಕತೆ. ಮಗ ಗಡ್ಡಪ್ಪನಿಗೆ ಜಮೀನೂ ಬೇಡ, ತಿಥಿಯ ಗಡಿಬಿಡಿಯೂ ಬೇಡ. ಸುಮ್ಮನೆ ನಡೆಯುತ್ತಾನೆ. ಆ ನಡಿಗೆಯನ್ನು ನಾನು ಕಣ್ಣು ಕೀಳದೆ ನೋಡಿದೆ. ಹೊಲದ ಬದುವಿನ ಮೇಲೆ ಕಾಲಿಡುವ ರೀತಿ, ನಿಂತಾಗ ಭಾರವನ್ನು ಒಂದೇ ಕಾಲಿಗೆ ಬಿಡುವುದು, ಇದನ್ನೆಲ್ಲ ಯಾರೂ ಹೇಳಿಕೊಟ್ಟಿರಲಾರರು. ಕತೆ ಬರೆದ ಈರೇಗೌಡ ಅದೇ ಊರಿನವರಂತೆ. ಹಾಗಾಗಿಯೇ ಆ ಊರಿನವರು ಆಡಬಹುದಾದ ಮಾತನ್ನೇ ಬರೆದಿದ್ದಾರೆ. ನನ್ನ ದೃಷ್ಟಿಯಲ್ಲಿ ಆ ಸಿನಿಮಾದ ಗುಟ್ಟು ಇದೇ. ಗಡ್ಡಪ್ಪ ಕುರಿಗಾರರ ಬಿಡಾರದಲ್ಲಿ ಬೆಂಕಿಯ ಮುಂದೆ ಕೂತು ತನ್ನ ಹಳೆಯ ನೋವು ಹೇಳಿಕೊಳ್ಳುವ ಜಾಗ ಇದೆ ನೋಡು, ಅಲ್ಲಿ ಆತ ದನಿಯನ್ನು ಸ್ವಲ್ಪವೂ ಏರಿಸುವುದಿಲ್ಲ. ಅಷ್ಟು ದೊಡ್ಡ ಸಂಗತಿಯನ್ನು ಸಂತೆಯ ದರ ಹೇಳಿದಷ್ಟು ಸಲೀಸಾಗಿ ಹೇಳಿ ಮುಗಿಸುತ್ತಾನೆ. ಅಪ್ಪಯ್ಯ ಅಲ್ಲಿಗೆ ಟಿವಿ ನಿಲ್ಲಿಸಿ ಹೊರಗೆ ಹೋಗಿ ಬಂದರು.

‘ಶಿವಮ್ಮ ಯರೇಹಂಚಿನಾಳ’ ನನಗೆ ಇನ್ನೂ ಹತ್ತಿರದ್ದು. ಕೊಪ್ಪಳ ಜಿಲ್ಲೆಯ ಹಳ್ಳಿ, ನಿರ್ದೇಶಕರು ಜೈಶಂಕರ್ ಆರ್ಯರ್, 2022ರಲ್ಲಿ ಬೂಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಬಂದದ್ದು. ಶಾಲೆಯಲ್ಲಿ ಅಡುಗೆ ಮಾಡುವ ಹೆಂಗಸು, ಹಾಸಿಗೆ ಹಿಡಿದ ಗಂಡ, ಮದುವೆಗೆ ಬಂದ ಮಗಳು. ಅವಳು ಮಗಳ ಮದುವೆಯ ದುಡ್ಡನ್ನೇ ನೆಟ್‌ವರ್ಕ್ ಮಾರ್ಕೆಟಿಂಗಿನ ಶಕ್ತಿಪುಡಿಗೆ ಹಾಕುತ್ತಾಳೆ. ಇಂಥ ಡಬ್ಬಿಗಳು ನಮ್ಮೂರಿಗೂ ಬಂದದ್ದು ನಿನಗೆ ನೆನಪಿರಬಹುದು, ಯಾರ ಮನೆಯ ಅಟ್ಟದಲ್ಲಿ ಇನ್ನೂ ಎಷ್ಟು ಕೂತಿವೆಯೋ. ಶರಣಮ್ಮ ಚಟ್ಟಿ ಎಂಬಾಕೆ ಶಿವಮ್ಮನಾಗಿದ್ದಾರೆ. ಎಷ್ಟು ಗಟ್ಟಿ ಹೆಂಗಸು! ಒಂದು ಕಡೆಯೂ ‘ಅಯ್ಯೋ ಪಾಪ’ ಅನ್ನಿಸಿಕೊಳ್ಳುವುದಿಲ್ಲ. ಜನ ತಪ್ಪಿಸಿಕೊಂಡು ಓಡಾಡಿದರೂ ಬಿಡದೆ ಹಿಂದೆ ಬೀಳುತ್ತಾಳೆ, ಜಗಳ ಆಡುತ್ತಾಳೆ. ನಡುವೆ ಸಿನಿಮಾ ಸ್ವಲ್ಪ ಜಗ್ಗಿತು, ಒಂದೇ ಬಗೆಯ ಮಾತುಕತೆ ಮತ್ತೆ ಮತ್ತೆ ಬಂತು ಅನ್ನಿಸಿತು. ಆದರೂ ಅವಳ ಹಟ ನನ್ನನ್ನು ಎಳೆದುಕೊಂಡು ಹೋಯಿತು. ಬಡವಿಯ ಕತೆಯನ್ನು ಕಣ್ಣೀರಿಲ್ಲದೆ ಇಷ್ಟು ಹೊತ್ತು ಹೇಳಲು ಬರುತ್ತದೆ ಅಂತ ನನಗೆ ತೋರಿಸಿಕೊಟ್ಟದ್ದು ಇದೇ.

‘ಪೆಡ್ರೊ’ ನಮ್ಮದೇ ಮಳೆ, ನಮ್ಮದೇ ಕಾಡು. ನಟೇಶ್ ಹೆಗಡೆ ತನ್ನ ತಂದೆ ಗೋಪಾಲ ಹೆಗಡೆಯವರನ್ನೇ ಮುಖ್ಯ ಪಾತ್ರಕ್ಕೆ ಹಾಕಿಕೊಂಡಿದ್ದಾರೆ. ನೀನು ನನ್ನನ್ನು ಕರೆದದ್ದಕ್ಕೆ ಅದೇ ಪ್ರೇರಣೆ ಇರಬೇಕು. ಊರವರ ವಿದ್ಯುತ್ ಕೆಲಸ ಮಾಡಿಕೊಂಡಿದ್ದ ಒಬ್ಬ ಮನುಷ್ಯನ ಕೈಯಿಂದ ಅಚಾತುರ್ಯದಲ್ಲಿ ಒಂದು ದನ ಸಾಯುತ್ತದೆ, ಊರು ಅವನ ಕಡೆ ನೋಡುವ ಕಣ್ಣೇ ಬದಲಾಗುತ್ತದೆ. ಮಾತು ಬಹಳ ಕಡಿಮೆ. ಮಳೆಗಾಲದಲ್ಲಿ ನಾವು ಹೇಗೆ ಮಾತು ಬಿಟ್ಟು ಕೂತಿರುತ್ತೇವೋ ಹಾಗೇ ಜನ ಕೂತಿರುತ್ತಾರೆ. ನನಗೊಂದು ತಕರಾರಿದೆ: ಪೆಡ್ರೊನ ಮನಸ್ಸಿನೊಳಗೆ ಏನಿದೆ ಅಂತ ಒಂದು ಸಲವಾದರೂ ಅವನ ಬಾಯಲ್ಲಿ ಕೇಳಬೇಕು ಅನ್ನಿಸಿತು, ಕೇಳಲು ಸಿಗಲಿಲ್ಲ. ಸಿಗದೆ ಇದ್ದದ್ದೇ ಒಳ್ಳೆಯದಾಯಿತು ಅಂತ ನೀನು ವಾದಿಸಬಹುದು. ಬಂದಾಗ ಮಾತಾಡೋಣ.

‘ಸು ಫ್ರಮ್ ಸೋ’ ನಿನ್ನ ಪಟ್ಟಿಯಲ್ಲಿ ಇರಲಿಲ್ಲ. 2025ರ ಜುಲೈ ಕೊನೆಗೆ ಬಂದಾಗ ಕೆಳಗಿನ ಮನೆಯವರೆಲ್ಲ ಹೊರಟರು, ನಾವೂ ಹೋದೆವು. ಥಿಯೇಟರಿನಲ್ಲಿ ಅಷ್ಟು ಜನ ಒಟ್ಟಿಗೆ ನಕ್ಕದ್ದನ್ನು ನಾನು ಕೇಳಿ ಎಷ್ಟೋ ಕಾಲವಾಗಿತ್ತು. ಜೆ.ಪಿ. ತುಮಿನಾಡು ತುಳು ರಂಗಭೂಮಿಯಿಂದ ಬಂದವರು, ಬರೆದು ನಿರ್ದೇಶಿಸಿ ಅವರೇ ಅಭಿನಯಿಸಿದ್ದಾರೆ. ಯಾವ ಮಾತಿಗೆ ಎಷ್ಟು ತಡೆದು ಉತ್ತರ ಕೊಡಬೇಕು ಅನ್ನುವುದು ನಾಟಕದವರಿಗೆ ರಕ್ತದಲ್ಲೇ ಇರುತ್ತದೆ. ಊರವರು ದೆವ್ವ ಅಂತ ನಂಬುವ ಸುಲೋಚನೆಯ ಮಗಳ ಕಷ್ಟ ಬಂದಮೇಲೆ ಸಿನಿಮಾ ತಿಳಿಹೇಳುವ ಧಾಟಿಗೆ ಇಳಿಯಿತು, ಅದು ನನಗೆ ಅಷ್ಟು ಹಿಡಿಸಲಿಲ್ಲ.

ಈಗ ನಮ್ಮ ಕೂತು ಆಡುವ ಯಕ್ಷಗಾನ, ತಾಳಮದ್ದಳೆಯ ಮಾತು. ನಿನ್ನ ಸ್ಕ್ರಿಪ್ಟಿಗೂ ಅದಕ್ಕೂ ಸಂಬಂಧ ಇದೆ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಮಹಿಳಾ ಕೂಟದಲ್ಲಿ ಈ ಸಲ ‘ವಾಲಿ ಮೋಕ್ಷ’, ನನಗೆ ವಾಲಿಯ ಹೆಂಡತಿ ತಾರೆಯ ಅರ್ಥ, ಅಂದರೆ ಅವಳ ಪಾತ್ರದ ಮಾತು. ಸುಗ್ರೀವ ಒಮ್ಮೆ ಸೋತು ಓಡಿದವನು ಇಷ್ಟು ಬೇಗ ಮತ್ತೆ ಬಂದು ಕೂಗುತ್ತಿದ್ದಾನೆ ಅಂದರೆ ಬೆನ್ನಿಗೆ ಯಾರೋ ಇದ್ದಾರೆ, ಹೋಗಬೇಡ ಅಂತ ತಾರೆ ತಡೆಯುತ್ತಾಳೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳಿ ನಿಲ್ಲಿಸುತ್ತಾರೆ, ಮದ್ದಳೆಯ ನುಡಿ ಮುಗಿಯುತ್ತದೆ, ಆಮೇಲೆ ಕೂತಲ್ಲೇ ಬಾಯಿಮಾತಿನಲ್ಲಿ ಆ ಕಾಡು, ಆ ಗುಹೆ, ಆ ಗಂಡ ಎಲ್ಲವೂ ಹುಟ್ಟಬೇಕು. ಬರೆದಿಟ್ಟ ಮಾತಿಲ್ಲ. ವಾಲಿ ಏನು ಕೇಳುತ್ತಾಳೋ ಅದಕ್ಕೆ ಅಲ್ಲೇ ಉತ್ತರ ಹೊಳೆಯಬೇಕು. ಮೊನ್ನೆ ನಮ್ಮ ವಾಲಿ, ‘ಗಂಡನ ಪರಾಕ್ರಮದ ಮೇಲೆ ನಿನಗೆ ಅಪನಂಬಿಕೆಯೇ?’ ಅಂದಳು. ‘ನಿಮ್ಮ ತೋಳನ್ನು ನಂಬಿದ್ದೇನೆ, ನಿಮ್ಮ ಸಿಟ್ಟನ್ನು ನಂಬಿಲ್ಲ’ ಅಂದೆ. ಆ ಮಾತು ಎಲ್ಲಿಂದ ಬಂತೋ ನನಗೇ ತಿಳಿಯದು. ಎದುರು ಕೂತವರ ಮುಖ ನೋಡಿದಾಗ ಮೈ ಜುಮ್ಮೆಂದಿತು. ದಿನವಿಡೀ ಅಡುಗೆ ಮನೆ, ಕೊಟ್ಟಿಗೆ, ತೋಟ ಅಂತ ಓಡಾಡಿದ ಹೆಂಗಸರು ಸಂಜೆ ಆ ಜಮಖಾನದ ಮೇಲೆ ಕೂತು ರಾಮನನ್ನೇ ಪ್ರಶ್ನೆ ಕೇಳುತ್ತೇವಲ್ಲ, ಅದು ನನ್ನ ಬದುಕಿನ ಬಹು ದೊಡ್ಡ ಸಂತೋಷ. ಸಂಬಳ ಇಲ್ಲ, ಹೆಸರೂ ದೊಡ್ಡದಿಲ್ಲ. ಆದರೂ ಪ್ರಸಂಗ ಗೊತ್ತಾದ ದಿನದಿಂದ ತೋಟಕ್ಕೆ ಹೋಗುವಾಗ ದರೆಯ ಮೇಲೆಲ್ಲ ತಾರೆ ನನ್ನ ಜೊತೆ ನಡೆಯುತ್ತಾಳೆ.

ಅದಕ್ಕೇ ನೀನು ಮೆಸೇಜಿನಲ್ಲಿ ‘ಇದು ಬರೀ ಹವ್ಯಾಸಕ್ಕೆ ಆಯಿ, ಯಾರೂ ನೋಡಲ್ಲ’ ಅಂತ ಬರೆದದ್ದು ನನಗೆ ಬೇಸರ ತಂದಿತು. ನನ್ನ ತವರು ಸಾಗರದ ಕಡೆ. ಹೆಗ್ಗೋಡಿನಲ್ಲಿ ನೀನಾಸಂ ಶುರುವಾದದ್ದು 1949ರಲ್ಲಿ, ಊರಿನ ಹವ್ಯಾಸಿಗಳ ನಾಟಕದ ಸಂಘವಾಗಿ. 1973ರಲ್ಲಿ ಕೆ.ವಿ. ಸುಬ್ಬಣ್ಣನವರು ಅಲ್ಲೇ ಚಿತ್ರಸಮಾಜ ಕಟ್ಟಿದರು. ತಲೆಯ ಮೇಲಿನ ಅಡಿಕೆ ಹಾಳೆಯ ಟೊಪ್ಪಿ ತೆಗೆದಿಟ್ಟು ಬಂದ ತೋಟದ ಜನ ಅಲ್ಲಿ ಕೂತು ದೇಶವಿದೇಶದ ಸಿನಿಮಾ ನೋಡಿದ್ದಾರೆ. ಹುಡುಗಿಯಾಗಿದ್ದಾಗ ‘ಬೈಸಿಕಲ್ ಥೀವ್ಸ್’ ನೋಡಿದ್ದು ನಾನು ಆ ಕಡೆಯಲ್ಲೇ. ಡಿ ಸಿಕಾ 1948ರಲ್ಲಿ ಮಾಡಿದ ಆ ಇಟಲಿಯ ಸಿನಿಮಾದ ನಾಯಕ ಲಾಂಬೆರ್ಟೊ ಮಾಜ್ಜಿಯೊರಾನಿ ನಿಜ ಜೀವನದಲ್ಲಿ ಕಾರ್ಖಾನೆಯ ಕೆಲಸಗಾರ. ಏಣಿ ಹತ್ತಿ ಗೋಡೆಗೆ ಪೋಸ್ಟರ್ ಹಚ್ಚುವಾಗ ಅದರ ಸುಕ್ಕು ಬಿಡಿಸಲು ಹೆಣಗುತ್ತಾನಲ್ಲ, ಅಷ್ಟರಲ್ಲಿ ಕೆಳಗೆ ಸೈಕಲ್ ಹೋಗಿಬಿಡುತ್ತದೆ. ಅವನ ಆ ಎರಡು ಕೈ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಎಲ್ಲಿಯ ರೋಮ್, ಎಲ್ಲಿಯ ನಮ್ಮ ಮಲೆನಾಡು. ನಿನ್ನ ಸಿನಿಮಾವನ್ನು ಯಾರು, ಎಲ್ಲಿ, ಯಾವಾಗ ನೋಡುತ್ತಾರೆ ಅನ್ನುವುದನ್ನು ನೀನು ಈಗಲೇ ತೀರ್ಮಾನ ಮಾಡಬೇಡ. ಶನಿವಾರ, ಭಾನುವಾರ ನಿದ್ದೆ ಬಿಟ್ಟು ಮಾಡುವ ಕೆಲಸ ಅದು, ಅದಕ್ಕೆ ಮರ್ಯಾದೆ ಕೊಡು.

ಇನ್ನು ಸ್ಕ್ರಿಪ್ಟ್. ನಿನ್ನ ತಾಯಿ ಜಗುಲಿಯ ಮೇಲೆ ಕೂತು ಬೆಂಗಳೂರಿನ ಮಗಳ ಫೋನಿಗೆ ಕಾಯುತ್ತಾಳೆ. ‘ನೀನಿಲ್ಲದ ಈ ಮನೆ ಬರಿದಾಗಿದೆ ಮಗಳೇ’ ಅನ್ನುತ್ತಾಳೆ, ಆಮೇಲೆ ಅಳುತ್ತಾಳೆ. ಹಿನ್ನೆಲೆಯಲ್ಲಿ ವೀಣೆ. ನೀನು ಹೊರಟ ದಿನ ನಾನು ಬಸ್ಸಿನ ಕಿಟಕಿಯ ಹತ್ತಿರ ನಿಂತು ಏನಂದೆ ನೆನಪು ಮಾಡಿಕೋ. ‘ಉಪ್ಪಿನಕಾಯಿ ಡಬ್ಬಿ ನೆಟ್ಟಗೆ ಇಟ್ಕಂಡ್ಯ?’ ಅಂದೆ. ಮನಸ್ಸಿನಲ್ಲಿದ್ದದ್ದೆಲ್ಲ ಅದರಲ್ಲೇ ಇತ್ತು. ತಾಳಮದ್ದಳೆಯಲ್ಲಿ ಗಂಟೆಗಟ್ಟಲೆ ಮಾತಾಡುವ ನಾನು ನಿನ್ನ ಎದುರು ಅಷ್ಟೇ ಆಡುವುದು. ತಾರೆಗೆ ಮಾತೇ ಮೈ. ನಿನ್ನ ಕ್ಯಾಮೆರಾಕ್ಕೆ ನನ್ನ ಮೈಯೇ ಇದೆ, ಅಷ್ಟೊಂದು ಮಾತು ಯಾಕೆ?

ಗಡ್ಡಪ್ಪನಿಗೆ ನಡೆಯುವುದು ಕೊಟ್ಟರು. ಶಿವಮ್ಮನಿಗೆ ಜನರ ಹಿಂದೆ ಬೀಳುವುದು ಕೊಟ್ಟರು. ನನಗೆ ಅಡಿಕೆ ಸುಲಿಯುವುದು ಕೊಡು. ಮೆಟ್ಟುಗತ್ತಿಯ ಮಣೆ ಹಾಕಿ ಕೂತರೆ ಕ್ಯಾಮೆರಾ ಇದೆ ಅನ್ನುವುದೇ ನನಗೆ ಮರೆತುಹೋಗುತ್ತದೆ. ಹಸಿ ಅಡಿಕೆಯನ್ನು ಅಲಗಿಗೆ ಒತ್ತಿದಾಗ ಮೊದಲು ಸಿಪ್ಪೆ ಸೀಳುವ ಸಪ್ಪಳ, ಆಮೇಲೆ ಕೈ ತಿರುವಿದಾಗ ಸಿಪ್ಪೆ ಪೂರ್ತಿ ಬಿಟ್ಟುಕೊಳ್ಳುವುದು, ಅಡಿಕೆ ಡಬ್ಬಿಯ ತಳಕ್ಕೆ ಬಿದ್ದು ಟಣ್ ಅನ್ನುವುದು. ಡಬ್ಬಿ ತುಂಬುತ್ತಾ ಬಂದ ಹಾಗೆ ಆ ಸದ್ದು ಮಂದವಾಗುತ್ತದೆ, ನೀನು ಚಿಕ್ಕವಳಿದ್ದಾಗ ಅದನ್ನು ಕೇಳುತ್ತಲೇ ನನ್ನ ಪಕ್ಕ ನಿದ್ದೆ ಹೋಗುತ್ತಿದ್ದೆ. ಹೆಬ್ಬೆರಳು ತೋರುಬೆರಳು ಎರಡೂ ಚೊಗರಿನ ಕಲೆಯಿಂದ ಕಪ್ಪಾಗಿರುತ್ತವೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಆ ಹೊತ್ತಿಗೆ ಫೋನ್ ಬರಲಿ. ಆ ಕೈಯಲ್ಲಿ ಫೋನ್ ಮುಟ್ಟುವುದು ಹೇಗೆ? ಮೊಣಕೈಯಿಂದ ಸ್ಪೀಕರ್ ಒತ್ತಿ, ಸುಲಿಯುತ್ತಲೇ ಮಾತಾಡುತ್ತೇನೆ. ಮಗಳು ಏನೋ ಒಂದು ಹೇಳುತ್ತಾಳೆ, ಆಗ ಕೈ ಒಂದು ಕ್ಷಣ ನಿಲ್ಲಲಿ. ನಿನ್ನ ಇಡೀ ಎರಡನೇ ಪುಟ ಅಲ್ಲಿಗೆ ಮುಗಿಯುತ್ತದೆ. ವೀಣೆ ಬೇಡವೇ ಬೇಡ, ಡಬ್ಬಿಯ ಸದ್ದು ಸಾಕು.

ಮಾತನ್ನು ಪುಸ್ತಕದ ಕನ್ನಡದಿಂದ ಬಿಡಿಸಿ ನಮ್ಮ ಮನೆಯ ಮಾತಿಗೆ ತಾ. ಬೆಂಗಳೂರಿನವರಿಗೆ ತಿಳಿಯುವುದಿಲ್ಲ ಅಂತ ಹೆದರಬೇಡ. ಮಂಡ್ಯದ ಮಾತು ನನಗೆ ತಿಳಿಯಿತು, ಕೊಪ್ಪಳದ್ದೂ ತಿಳಿಯಿತು.

ಅಜ್ಜಿಯ ಪಾತ್ರಕ್ಕೆ ಯಾರೋ ನಾಟಕದವರನ್ನು ಕರೆತರುತ್ತೇನೆ ಅಂದಿದ್ದೀಯೆ. ಬೇಡ. ಮೇಲಿನಮನೆ ದೊಡ್ಡಮ್ಮನನ್ನು ಕೇಳಿದ್ದೇನೆ, ‘ಎಂತ ಮಾಡವು?’ ಅಂದರು. ‘ದಿನಾ ಮಾಡುವುದನ್ನೇ’ ಅಂದೆ, ಒಪ್ಪಿದ್ದಾರೆ. ಅವರು ಎಲೆಗೆ ಸುಣ್ಣ ಹಚ್ಚುವುದನ್ನು ಹತ್ತಿರದಿಂದ ತೆಗೆ, ಅವರಿಗೆ ಮಾತ್ರ ‘ಇನ್ನೊಮ್ಮೆ ಮಾಡಿ’ ಅಂತ ಪದೇ ಪದೇ ಹೇಳಬೇಡ, ಮಂಡಿ ನೋವಿದೆ.

ಅಡಿಕೆಯ ಕೊನೆಕೊಯ್ಲು ಮುಗಿಯುವುದರೊಳಗೆ ಬನ್ನಿ, ತಡ ಮಾಡಿದರೆ ಹಸಿ ಅಡಿಕೆ ಸಿಗುವುದಿಲ್ಲ. ಸಂಜೆ ಕರೆಂಟ್ ಹೋಗುವುದು ಇದ್ದದ್ದೇ, ಬ್ಯಾಟರಿ ತುಂಬಿಸಿಕೊಂಡೇ ಬರಲು ಹೇಳು. ಸ್ನೇಹಿತರು ಎಷ್ಟು ಜನ ಅಂತ ಮೊದಲೇ ತಿಳಿಸು, ಹಾಸಿಗೆ ತೆಗೆದಿಡುತ್ತೇನೆ. ತಿದ್ದಿದ ಸ್ಕ್ರಿಪ್ಟ್ ಅದಕ್ಕೂ ಮುಂಚೆ ಕಳಿಸು. ಅಪ್ಪಯ್ಯನಿಗೂ ಒಂದು ಪಾತ್ರ ಬೇಕಂತೆ, ಮಾತಿಲ್ಲದಿದ್ದರೂ ಆದೀತು ಅನ್ನುತ್ತಿದ್ದಾರೆ.

ಇತಿ,
ನಿನ್ನ ಆಯಿ