ನಮ್ಮ ಸ್ಟೆನೋ ಸರ್ ಮತ್ತು ಮೇಡಂಗೆ

ಮೊನ್ನೆ ನಮ್ಮ ಬ್ಯಾಚಿನ ಬಹುತೇಕರಿಗೆ ವಕೀಲಿ ಸನ್ನದು ಸಿಕ್ಕಿತು. ಮನೆಯವರಿಗೆ, ಮೇಷ್ಟ್ರುಗಳಿಗೆ ಧನ್ಯವಾದ ಹೇಳಿದ್ದಾಯಿತು, ಫೋಟೋ ಹಾಕಿದ್ದೂ ಆಯಿತು. ಆದರೆ ಆ ಫೋಟೋಗಳಲ್ಲಿ ಎಲ್ಲೂ ಕಾಣದ ಇಬ್ಬರಿದ್ದಾರೆ. ಧಾರವಾಡದ ಕಡೆಯ ಕೋರ್ಟುಗಳಲ್ಲಿ ಸ್ಟೆನೋ ಆಗಿದ್ದು ರಿಟೈರ್ ಆದವರು. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ.

ಕಾನೂನು ಓದಿದವರಿಗೆ ಗೊತ್ತು. ಬಾರ್ ಕೌನ್ಸಿಲ್ಲಿನ 2008ರ ನಿಯಮದಂತೆ ಪ್ರಾಕ್ಟಿಕಲ್ ಪೇಪರಿನಲ್ಲಿ ಅಣಕು ನ್ಯಾಯಾಲಯಕ್ಕೆ 30 ಅಂಕ, ಕೋರ್ಟಿನಲ್ಲಿ ಕೂತು ವಿಚಾರಣೆ ನೋಡಿ ಬರೆಯುವುದಕ್ಕೆ 30. ಜಾಸ್ತಿ ಕಡೆ ಇದು ಸೀನಿಯರ್‌ಗಳ ಜರ್ನಲ್ ನೋಡಿ ಬರೆಯುವ ಕೆಲಸ, ಅಷ್ಟೇ. ನಮ್ಮದೂ ಹಾಗೇ ಮುಗಿಯುತ್ತಿತ್ತು, ನಾವೇ ವಕೀಲರು, ಸಾಕ್ಷಿಗಳಾಗಿ ನಡೆಸುತ್ತಿದ್ದ ಅಣಕು ಕೋರ್ಟಿಗೆ ಇವರಿಬ್ಬರೂ ಭಾನುವಾರ ಬಂದು ಕೂರದಿದ್ದರೆ.

ನಮ್ಮ ವಿಚಾರಣಾ ಕೋರ್ಟುಗಳಲ್ಲಿ ಸಾಕ್ಷಿ ಆಡಿದ ಮಾತೆಲ್ಲ ಹಾಗೆಹಾಗೇ ಕಾಗದಕ್ಕೆ ಬರುವುದಿಲ್ಲ. ವಕೀಲರು ಕೇಳುತ್ತಾರೆ, ಸಾಕ್ಷಿ ಹೇಳುತ್ತಾನೆ, ಸಾಮಾನ್ಯವಾಗಿ ಜಡ್ಜ್ ಅದನ್ನು ಒಂದು ವಾಕ್ಯ ಮಾಡಿ ಹೇಳುತ್ತಾರೆ, ಬೆರಳಚ್ಚಾಗುವುದು ಆ ವಾಕ್ಯ. ಇದನ್ನು ಪುಸ್ತಕದಲ್ಲಿ ಓದಿದರೆ ಏನೂ ಅನಿಸುವುದಿಲ್ಲ. ನಮಗೆ ಇವರು ಎರಡನ್ನೂ ತೋರಿಸಿದರು. ಸರ್ ನೋಟ್‌ಬುಕ್ಕಿನಲ್ಲಿ ನಮ್ಮ ಒಂದೊಂದು ಮಾತನ್ನೂ, ತೊದಲಿದ್ದನ್ನೂ ಬಿಡದೆ ಶಾರ್ಟ್‌ಹ್ಯಾಂಡಿನಲ್ಲಿ ಹಿಡಿದುಕೊಳ್ಳುತ್ತಿದ್ದರು. ಮೇಡಂ ಪಕ್ಕದಲ್ಲಿ ಕೂತು, ಜಡ್ಜ್ ಆಗಿದ್ದ ನಮ್ಮ ಮೇಷ್ಟ್ರು ಹೇಳಿದಂತೆ 'ನುಡಿ' ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದರು. ಮುಗಿದ ಮೇಲೆ ಎರಡನ್ನೂ ಓದುವುದು. ಅಬ್ಬಾ, ಆ ಓದು!

ಒಂದು ಅಪಘಾತದ ಕೇಸು. ಸಾಕ್ಷಿಯಾದ ಹುಡುಗ ಹೇಳಿದ್ದು "ಬೈಕು ಜೋರಾಗಿ ಬಂತ್ರೀ" ಅಂತ ಮಾತ್ರ. ಟೈಪ್ ಆದದ್ದು "ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದನು" ಅಂತ. ಅಜಾಗರೂಕತೆ ಅಂತ ಯಾರೂ ಅಂದಿರಲಿಲ್ಲ! ಆದರೆ ಆ ಕೇಸು ನಿಂತಿರುವುದೇ ಅದರ ಮೇಲೆ, ಆರೋಪಿಯ ವಕೀಲ ಆಗಲೇ ಎದ್ದು ಆಕ್ಷೇಪಿಸಬೇಕಿತ್ತು, ಅಲ್ವಾ? ಯಾರೂ ಏಳಲಿಲ್ಲ. ಮೇಡಂ ಮಾತ್ರ ಕೊನೆಯಲ್ಲಿ "ಓ.ಹೇ.ಕೇ.ಸ." ಅಂತ ಹೊಡೆಯುವ ಮುಂಚೆ ಕೈ ನಿಲ್ಲಿಸಿದರು. ಓದಿ ಹೇಳಿ, ಕೇಳಿ, ಸರಿಯಿದೆ ಅಂದಮೇಲೆ ತಾನೇ ಸಹಿ? ಓದಿ ಹೇಳಿದರು. ಹುಡುಗ, "ನಾ ಹಂಗ ಅಂದಿಲ್ರೀ ಮೇಡಂ" ಅಂದ. "ಹಂಗಂದ್ರ ಈಗ ಹೇಳು, ಸಹಿ ಆದಮ್ಯಾಲೆ ಯಾರೂ ಕೇಳಂಗಿಲ್ಲ" ಅಂದರು. ಎಷ್ಟೋ ಕ್ಲಾಸುಗಳಲ್ಲಿ ತಲೆಗೆ ಹತ್ತದ್ದು ಅಲ್ಲಿ ಹತ್ತಿತು.

ಸರ್ ಅವರದ್ದು ಬೇರೆ ದಾರಿ, ಸ್ವಲ್ಪ ಕುಟುಕು ಜಾಸ್ತಿ. ಎಷ್ಟು ದೂರದಿಂದ ನೋಡಿದಿರಿ ಅಂತ ಕೇಳಿದ್ದಕ್ಕೆ ಸಾಕ್ಷಿ, "ಇಲ್ಲಿಂದ ಆ ಬಾಗಿಲಿನಷ್ಟು" ಅಂದ. ವಕೀಲಳಾಗಿದ್ದ ಗೆಳತಿ ಸರಿ ಅಂತ ಮುಂದಿನ ಪ್ರಶ್ನೆಗೆ ಹೋದಳು. ಸರ್ ಪೆನ್ನು ಕೆಳಗಿಟ್ಟು, "ವಕೀಲರ, ಆ ಬಾಗಿಲು ಹೈಕೋರ್ಟಿಗೆ ಕಾಣ್ತದೇನ್ರೀ?" ಅಂದರು. ಮೇಲ್ಮನವಿಗೆ ಹೋಗುವುದು ಕಾಗದ, ಬಾಗಿಲಲ್ಲ. ಸುಮಾರು 20 ಅಡಿ ಅಂತ ಅಲ್ಲೇ ಹೇಳಿ ಬರೆಸಬೇಕು. ತಲೆಯಾಡಿಸಿದರೂ ಅಷ್ಟೇ, ಬಾಯಿಬಿಟ್ಟು ಹೇಳಿಸಬೇಕು. ಪಾಟಿ ಸವಾಲಿನಲ್ಲಿ ಅಂತೂ ನಾವೆಲ್ಲ ಸಿನಿಮಾ ವಕೀಲರೇ. ಅಂಗಡಿ ಮುಂದೆ ನಿಂತಿದ್ರಿ, ಕತ್ತಲಾಗಿತ್ತು, ನಂಬರ್ ಕಾಣಿಸಲಿಲ್ಲ, ಹೌದೋ ಅಲ್ಲವೋ? ಸಾಕ್ಷಿ ಹೌದು ಅಂದ. ಯಾವುದಕ್ಕೆ ಹೌದು? ಸರ್ ಅದನ್ನು ಓದುವಾಗ ಸುಮ್ನೆ "ಹೌದು" ಅಂದು ನಮ್ಮ ಮುಖ ನೋಡಿದರು.

ಇನ್ನೊಂದು, ನಾವು ಓದಿದ್ದು ಬಹುಪಾಲು ಇಂಗ್ಲಿಷಿನಲ್ಲಿ. ತಾಲ್ಲೂಕು ಕೋರ್ಟಿನಲ್ಲಿ ಸಾಕ್ಷಿ ನಡೆಯುವುದು ಕನ್ನಡದಲ್ಲಿ. ಪ್ರಾ.ಸಾ.1 (ಪ್ರಾಸಿಕ್ಯೂಷನ್ನಿನ ಮೊದಲ ಸಾಕ್ಷಿ), ನಿ.ಪಿ.1 (ಅವರ ಕಡೆಯ ಮೊದಲ ದಾಖಲೆಯ ನಿಶಾನೆ), ಎದುರು ವಕೀಲರ ಮಾತನ್ನು ಸಾಕ್ಷಿ ಅಲ್ಲಗಳೆದಾಗ ಬರೆಯುವ "ಎಂದರೆ ಸರಿಯಲ್ಲ", ಇವೆಲ್ಲ ಇವರ ಬಾಯಿಂದಲೇ ಕಲಿತದ್ದು. ನಾವು ಕಲಿಸಿದ್ದೂ ಒಂದಿದೆ ಬಿಡಿ. 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆಯಲ್ಲ, ಪೊಲೀಸರ ಮುಂದಿನ ಹೇಳಿಕೆ ಈಗ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 180ನೇ ಕಲಂ. ಸರ್ ಬಾಯಲ್ಲಿ ಮಾತ್ರ ಅದು ಇನ್ನೂ ಹಳೆಯ ಸಿಆರ್‌ಪಿಸಿಯ 161. ನಾವು ತಿದ್ದಿದರೆ, "ಆತು, ನಿಮ್ದ ಖರೇ" ಅಂತ ನಕ್ಕು, ಮುಂದಿನ ಸಲ ಮತ್ತೆ 161!

ಇವರಿಗೆ ಕಾಲೇಜಿನಿಂದ ಒಂದು ರೂಪಾಯಿ ಹೋಗಿಲ್ಲ. ಕೊಡಲು ಹೋದಾಗ ಬೈಸಿಕೊಂಡು ಬಂದೆವು. ಚಹಾ ಕುಡಿದರು, ಅದೂ ಸಕ್ಕರೆ ಇಲ್ಲದ್ದು.

ಸರ್, ಮೇಡಂ, ನಿಮಗೆ ನಮಸ್ಕಾರ. ನಿಮ್ಮ ಋಣ ದೊಡ್ಡದು. ಬೇರೆ ಊರುಗಳಲ್ಲೂ ರಿಟೈರ್ ಆದ ಸ್ಟೆನೋಗಳು, ಶಿರಸ್ತೇದಾರರು ಇದ್ದೀರಿ. ಹತ್ತಿರದ ಲಾ ಕಾಲೇಜಿಗೆ ಒಮ್ಮೆ ಹೋಗಿ ಕೇಳಿ, ಹುಡುಗರು ಕಾಯುತ್ತಿರುತ್ತಾರೆ. ನಮ್ಮ ಜೂನಿಯರ್‌ಗಳಿಗೆ ದಸರಾ ಆದಮೇಲೆ ಮತ್ತೆ ಶುರು ಮಾಡುತ್ತೇವೆ ಅಂತ ಇಬ್ಬರೂ ಒಪ್ಪಿದ್ದಾರೆ. ಈ ಸಲ ನಾವೂ ಗಳಿಸುವವರು, ಬಸ್ ಚಾರ್ಜಾದರೂ ತೆಗೆದುಕೊಳ್ಳಲೇಬೇಕು ನೀವು.